ಹೆಡ್ ಗ್ಯಾಸ್ಕೆಟ್: ಬಿಚ್ಚುವುದು ಸುಲಭ, ಕೂರಿಸುವುದು ಕಷ್ಟ

ಘಾಟಿ ಹತ್ತುವಾಗ ಹಳೆಯ ಮಾರುತಿ 800ರ ಬಾನೆಟ್ ಸಂದಿಯಿಂದ ಹಬೆ ಎದ್ದಿತೆಂದರೆ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್’. ಬಹಳ ಸಲ ಅದು ನಿಜವೂ ಹೌದು. ಹೆಡ್ ಇಳಿಸುತ್ತಾರೆ, ಹೊಸ ಗ್ಯಾಸ್ಕೆಟ್ ಹಾಕುತ್ತಾರೆ, ಗಾಡಿ ಮನೆಗೆ ಬರುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಹಬೆ, ಅದೇ ಮಾತು. ಗ್ಯಾಸ್ಕೆಟ್ ತಾನಾಗಿ ಹೋಗುವುದು ಅಪರೂಪ. ಅದನ್ನು ಕೆಡಿಸುವುದು ಬಿಸಿ, ಆ ಬಿಸಿಗೆ ಬೇರೆಲ್ಲೋ ಒಂದು ಕಾರಣವಿರುತ್ತದೆ. ಕಾರಣ ಹುಡುಕಲು, ಹೆಡ್ಡಿನ ಮುಖ ಸಮವಾಗಿದೆಯೇ ಎಂದು ಅಳೆಯಲು ಗ್ಯಾರೇಜಿನವರಿಗೆ ಪುರುಸೊತ್ತು ಸಿಗುವುದು ಕಷ್ಟ, ಹಿಂದೆ ನಾಲ್ಕು ಗಾಡಿ ಕಾಯುತ್ತಿರುತ್ತವೆ. ಮನೆಯಲ್ಲಿ ಮಾಡುವವರಿಗೆ ಆ ಅವಸರವಿಲ್ಲ. ಈ ಕೆಲಸವನ್ನು ಅಂಗಳದಲ್ಲಿ ಮಾಡಲು ನನಗೆ ಕಾಣುವ ಗಟ್ಟಿ ಕಾರಣ ಅದೊಂದೇ. ಉಳಿಯುವ ಕೂಲಿ ದುಡ್ಡು ಆಮೇಲಿನ ಮಾತು.

ಮಾರುತಿ 800ನ್ನೇ ಉದಾಹರಣೆಗೆ ತೆಗೆದುಕೊಳ್ಳುವುದಕ್ಕೂ ಕಾರಣವಿದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಈ ಕಾರು ಇಂದಿಗೂ ನಮ್ಮ ಊರುಗಳಲ್ಲಿ ಓಡುತ್ತಿದೆ. ಅದರ 796 ಸಿಸಿ ಎಂಜಿನ್ ಕಲಿಯುವವರಿಗೆ ಹೇಳಿ ಮಾಡಿಸಿದ್ದು: ಮೂರು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಮೇಲೆ ಅಲ್ಯೂಮಿನಿಯಂ ಹೆಡ್, ಬೆಲ್ಟಿನಿಂದ ತಿರುಗುವ ಒಂದೇ ಕ್ಯಾಮ್‌ಶಾಫ್ಟ್, ಆರು ವಾಲ್ವ್. ಕಾರ್ಬ್ಯುರೇಟರ್ ಕಾಲದ ಗಾಡಿಯಾದರೆ ವೈರುಗಳ ಕಾಟವೂ ಕಡಿಮೆ. ಓಮ್ನಿಯಲ್ಲಿದ್ದದ್ದೂ ಇದೇ ಎಂಜಿನ್. ಅಲ್ಲಿ ಅದು ಮುಂದಿನ ಸೀಟುಗಳ ಕೆಳಗೆ ಕೂತಿರುವುದರಿಂದ ಕೈ ಆಡಿಸುವ ಜಾಗ ಬೇರೆ ಥರ, ಕೆಲಸದ ಕ್ರಮ ಅದೇ. ಇತ್ತೀಚಿನ ಡೀಸೆಲ್ ಕಾರುಗಳನ್ನೋ ಟರ್ಬೊ ಪೆಟ್ರೋಲ್ ಕಾರುಗಳನ್ನೋ ಈ ಲೇಖನ ಹಿಡಿದು ಬಿಚ್ಚಲು ಹೋಗಬೇಡಿ. ಅವುಗಳ ಲೆಕ್ಕ, ಹತಾರ, ಬೋಲ್ಟು ಎಲ್ಲವೂ ಬೇರೆ.

ಒಂದೂವರೆ ಟನ್ನಿನ ಒತ್ತಡ

ಗ್ಯಾಸ್ಕೆಟ್ ಎಂದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ತೆಳ್ಳನೆಯ ಹಾಳೆ. ಒಂದೇ ಹಾಳೆ ಮೂರು ಬೇರೆ ಬೇರೆ ವಸ್ತುಗಳನ್ನು ಪರಸ್ಪರ ಸೋಕದಂತೆ ಕಾಯಬೇಕು: ಸಿಲಿಂಡರಿನೊಳಗೆ ಉರಿಯುವ ಗ್ಯಾಸು, ಸುತ್ತ ಹರಿಯುವ ನೀರು, ಮೇಲೆ ಕೆಳಗೆ ಓಡಾಡುವ ಎಂಜಿನ್ ಆಯಿಲ್. ಈ ಎಂಜಿನ್ನಿನ ಸಿಲಿಂಡರ್ ವ್ಯಾಸ 68.5 ಮಿಲಿಮೀಟರ್, ಅಂದರೆ ಸುಮಾರು 37 ಚದರ ಸೆಂಟಿಮೀಟರ್ ಬಾಯಿ. ಪೆಟ್ರೋಲ್ ಉರಿದಾಗ ಚದರ ಸೆಂಟಿಮೀಟರಿಗೆ 40 ಕೆಜಿ ಒತ್ತಡ ಎಂದು ಹಿಡಿದರೂ ಹೆಡ್ಡನ್ನು ಮೇಲಕ್ಕೆ ಎತ್ತಿ ಎಸೆಯಲು ನೋಡುವ ಬಲ ಒಂದೂವರೆ ಟನ್ನಿನ ಹತ್ತಿರ ಬರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಈ ಪೆಟ್ಟು ಬೀಳುತ್ತದೆ.

ಇದರ ಜೊತೆಗೆ ಎರಡು ಲೋಹಗಳ ಜಗಳ. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದು ಎರಕದ ಕಬ್ಬಿಣದ ಎರಡರಷ್ಟು. 300 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ತುಂಡು 20 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಅರ್ಧ ಮಿಲಿಮೀಟರಿನಷ್ಟು ಬೆಳೆಯುತ್ತದೆ, ಅಷ್ಟೇ ಉದ್ದದ ಕಬ್ಬಿಣ ಕಾಲು ಮಿಲಿಮೀಟರಿನ ಆಸುಪಾಸು. ಪ್ರತಿ ಸಲ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿದಾಗಲೂ ಹೆಡ್ ಈ ವ್ಯತ್ಯಾಸದಷ್ಟು ಬ್ಲಾಕಿನ ಮೇಲೆ ಜರುಗುತ್ತದೆ, ನಡುವಿನ ಗ್ಯಾಸ್ಕೆಟ್ ಅದನ್ನೂ ತಡೆದುಕೊಳ್ಳುತ್ತದೆ. ನೀರು ಖಾಲಿಯಾಗಿ ಎಂಜಿನ್ ಅತಿಯಾಗಿ ಕಾದಾಗ ಮಾತ್ರ ಈ ಹೊಂದಾಣಿಕೆ ಮುರಿಯುತ್ತದೆ. ಹಿಗ್ಗಲು ಹೊರಟ ಹೆಡ್ಡನ್ನು ಬೋಲ್ಟುಗಳು ಬಿಡುವುದಿಲ್ಲ. ಕೊನೆಗೆ ಹೆಡ್ಡೇ ಬಾಗುತ್ತದೆ. ತಣ್ಣಗಾದ ಮೇಲೂ ಆ ಬಾಗು ಉಳಿಯುತ್ತದೆ.

ನಿಜಕ್ಕೂ ಗ್ಯಾಸ್ಕೆಟ್ಟೇ?

ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳಿ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ಬಾಯಿಮಟ್ಟ ತುಂಬಿ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ ಸಿಕ್ಕಿಕೊಂಡ ಗಾಳಿ ಹೊರಬರುವುದು ಸಹಜ. ಆಮೇಲೂ ಗುಳ್ಳೆ ನಿಲ್ಲದೆ, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾದರೆ ಸಿಲಿಂಡರಿನ ಗ್ಯಾಸು ನೀರಿಗೆ ಸೇರುತ್ತಿದೆ. ಮುಚ್ಚಳ ಹಾಕಿಟ್ಟು ಸ್ಟಾರ್ಟ್ ಮಾಡಿದ ಕೂಡಲೇ, ನೀರಿನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಪೈಪು ಕಲ್ಲಿನಂತೆ ಗಟ್ಟಿಯಾದರೂ ಅರ್ಥ ಅದೇ. ರೇಡಿಯೇಟರ್ ಬಾಯಿಗೆ ಹಿಡಿದು ಪರೀಕ್ಷಿಸುವ ನೀಲಿ ದ್ರಾವಣದ ಕಿಟ್ ಕೂಡ ಸಿಗುತ್ತದೆ. ಉರಿದ ಗ್ಯಾಸು ತಾಗಿದರೆ ದ್ರಾವಣ ಹಳದಿಗೆ ತಿರುಗುತ್ತದೆ.

ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹೆಚ್ಚಾದ ಕಾಫಿಯಂತೆ ಕಂಡರೆ ನೀರು ಆಯಿಲಿಗೆ ಬೆರೆತಿದೆ. ಅಂಥ ಆಯಿಲಿನಲ್ಲಿ ಗಾಡಿ ಓಡಿಸಬೇಡಿ, ಬೇರಿಂಗುಗಳು ಸವೆದು ಖರ್ಚು ಹತ್ತು ಪಟ್ಟಾದೀತು. ಇಲ್ಲೊಂದು ಎಚ್ಚರಿಕೆಯ ಮಾತು ಮಲೆನಾಡಿನವರಿಗೆ. ಮಡಿಕೇರಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಒಂದೆರಡು ಕಿಲೋಮೀಟರಷ್ಟೇ ಓಡುವ ಗಾಡಿಗಳಲ್ಲಿ ಆಯಿಲ್ ತುಂಬುವ ಮುಚ್ಚಳದ ಒಳಗೆ ಬಿಳಿ ಕೆನೆ ಕಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹೊರಹೋಗದಿದ್ದರೆ ಹೀಗಾಗುತ್ತದೆ. ಮುಚ್ಚಳದಲ್ಲಿ ಮಾತ್ರ ಕೆನೆ, ಡಿಪ್‌ಸ್ಟಿಕ್ಕಿನಲ್ಲಿ ಶುದ್ಧ ಆಯಿಲ್, ರೇಡಿಯೇಟರ್ ನೀರು ಕಡಿಮೆಯಾಗುತ್ತಿಲ್ಲ ಎಂದಾದರೆ ಒಮ್ಮೆ ನಲವತ್ತು ಐವತ್ತು ಕಿಲೋಮೀಟರ್ ಒಂದೇ ಓಟ ಓಡಿಸಿ ನೋಡಿ. ಸುಮ್ಮನೆ ಹೆಡ್ ಬಿಚ್ಚಿಸಿಕೊಂಡವರು ಇದ್ದಾರೆ.

ಕಂಪ್ರೆಶನ್ ಗೇಜ್ ಸಿಕ್ಕರೆ ಇನ್ನೂ ಸ್ಪಷ್ಟ. ಎಂಜಿನ್ ಬಿಸಿ ಮಾಡಿ, ಇಗ್ನಿಶನ್ ಕಾಯಿಲ್‌ನ ವೈರ್ ಕಳಚಿ, ಮೂರೂ ಸ್ಪಾರ್ಕ್ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟಿದೆ. ಒಂದೇ ಸಿಲಿಂಡರ್ ಕಡಿಮೆಯಿದ್ದರೆ ಅದರೊಳಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ತಪ್ಪು ಪಿಸ್ಟನ್ ರಿಂಗಿನದು, ಹೆಡ್ ಬಿಚ್ಚಿ ಪ್ರಯೋಜನವಿಲ್ಲ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್, ಎರಡಕ್ಕೂ ಹೆಡ್ ಇಳಿಯಲೇಬೇಕು.

ಬಿಸಿಯಾದದ್ದೇಕೆ?

ನಮ್ಮಲ್ಲಿ ಮೊದಲ ಆರೋಪಿ ಬೋರ್‌ವೆಲ್ ನೀರು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಕೂಲೆಂಟಿಗೆ ಯಾಕೆ ದುಡ್ಡು ಎಂದು ವರ್ಷಗಟ್ಟಲೆ ನಲ್ಲಿ ನೀರು ತುಂಬಿಸಿದ ಗಾಡಿಯಲ್ಲಿ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ತುಕ್ಕಿನ ಕೆಂಪು, ಸುಣ್ಣದ ಬಿಳಿ ಎರಡೂ ಕಾಣುತ್ತವೆ. ಹಳೆಯ ತಾಮ್ರ ಹಿತ್ತಾಳೆಯ ರೇಡಿಯೇಟರಾದರೆ ರೇಡಿಯೇಟರ್ ವರ್ಕ್ಸ್‌ನವರು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ನಳಿಗೆಗಳಿಗೆ ಕಂಬಿ ಆಡಿಸಿ ಚೊಕ್ಕ ಮಾಡಿ ಕೊಡುತ್ತಾರೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನದಾದರೆ ಹೊಸದೇ ಗತಿ.

ಎರಡನೆಯದು ಥರ್ಮೋಸ್ಟಾಟ್. ‘ನಮ್ಮ ಬಿಸಿಲಿಗೆ ಅದು ಬೇಡ’ ಎಂದು ಅದನ್ನು ಕಿತ್ತು ಬಿಸಾಡುವ ಚಟ ಊರೂರಲ್ಲೂ ಇದೆ. ಈ ಉಪಚಾರದ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸಾಮಾನ್ಯ ಓಟದಲ್ಲಿ ತಣ್ಣಗೇ ಓಡಿ ಪೆಟ್ರೋಲ್ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಮುಚ್ಚಿದ ರೇಡಿಯೇಟರ್ ಮಾತ್ರ ಮುಚ್ಚಿದ ಹಾಗೆಯೇ ಇರುತ್ತದೆ. ಕೆಟ್ಟಿದೆಯೇ ಎಂದು ನೋಡುವುದು ಸುಲಭ: ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಇಳಿಬಿಡಿ. ಅದರ ಮೇಲೆ ಅಚ್ಚು ಹಾಕಿರುವ ಡಿಗ್ರಿಯ ಹತ್ತಿರ ಬಾಯಿ ತೆರೆಯಬೇಕು, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು.

ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆಯೇ, ಅದರ ಹೀಟ್ ಸ್ವಿಚ್ ಸರಿಯಿದೆಯೇ, ವಾಟರ್ ಪಂಪಿನ ಶಾಫ್ಟ್ ಅಲ್ಲಾಡುತ್ತದೆಯೇ, ಹೋಸ್ ಪೈಪುಗಳು ಹಿಂಡಿದರೆ ಬಿರುಕು ತೋರಿಸುತ್ತವೆಯೇ ನೋಡಿ. ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಒಳಗಿನ ಸ್ಪ್ರಿಂಗ್ ಗಟ್ಟಿಯಿದ್ದು 0.9 ಬಾರ್ ಒತ್ತಡ ಹಿಡಿದಿಟ್ಟರೆ ನೀರು ಕುದಿಯುವುದು 118 ಡಿಗ್ರಿಯ ಸುಮಾರಿಗೆ. ರಬ್ಬರ್ ಹೋದರೆ ಅದೇ ನೀರು 100ಕ್ಕೇ ಕುದಿದು ಚೆಲ್ಲುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಓಮ್ನಿಗಳಲ್ಲಿ ವೇಪರೈಸರಿಗೆ ಹೋಗಿಬರುವ ನೀರಿನ ಪೈಪುಗಳನ್ನೂ ಮರೆಯಬೇಡಿ, ಸೋರಿಕೆ ಅಲ್ಲೇ ಕಣ್ಣಿಗೆ ಬೀಳದಂತೆ ಕೂತಿರುತ್ತದೆ. ಇನ್ನು ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬುವುದೂ ಅಪಾಯ. ನೀರು ಸೆನ್ಸರಿಗಿಂತ ಕೆಳಗಿಳಿದರೆ ಸೆನ್ಸರ್ ಬರೀ ಹಬೆಯಲ್ಲಿ ನಿಂತು, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ಸಾಮಾನು

ಸಾಮಾನಿನ ಅಂಗಡಿಗೆ ಹೋಗುವಾಗ ಆರ್‌ಸಿಯ ನಕಲು ಒಯ್ಯಿರಿ. ವರ್ಷ, ಕಾರ್ಬ್ಯುರೇಟರೋ ಎಂಪಿಎಫ್‌ಐ ಇಂಜೆಕ್ಷನ್ನೋ ಎಂಬುದನ್ನು ಹೇಳಿ. 796 ಸಿಸಿ ಎಂದಷ್ಟೇ ಹೇಳಿದರೆ 12 ವಾಲ್ವಿನ ಆಲ್ಟೋ ಸಾಮಾನು ಕೈಗೆ ಬಂದೀತು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದ್ದೇ ಇದೆ. ಹೆಡ್ ಗ್ಯಾಸ್ಕೆಟ್ ಜೊತೆ ರಾಕರ್ ಕವರ್ ಗ್ಯಾಸ್ಕೆಟ್, ಎರಡೂ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ಥರ್ಮೋಸ್ಟಾಟ್, ಆಯಿಲ್, ಆಯಿಲ್ ಫಿಲ್ಟರ್, ಕೂಲೆಂಟ್ ತನ್ನಿ. ಬೆಲ್ಟ್ ಹೇಗೂ ಕಳಚುತ್ತೀರಿ, ಅದರ ವಯಸ್ಸು ಗೊತ್ತಿಲ್ಲದಿದ್ದರೆ ಹೊಸದು ಹಾಕುವುದೇ ಲೇಸು.

ಮನೆಯಲ್ಲಿರುವ ಸ್ಪ್ಯಾನರ್, ಸಾಕೆಟ್ ಸೆಟ್ ಸಾಲುತ್ತದೆ. ಆದರೆ ಟಾರ್ಕ್ ರೆಂಚ್, ಫೀಲರ್ ಗೇಜ್, ಮೂಲೆ ಸವೆಯದ ಒಂದು ಉಕ್ಕಿನ ಸ್ಕೇಲು, ಈ ಮೂರೂ ಇಲ್ಲದಿದ್ದರೆ ಕೆಲಸ ಶುರು ಮಾಡಬೇಡಿ. ‘ಕೈ ಅಂದಾಜಿಗೆ ಟೈಟ್ ಮಾಡ್ತೀನಿ’ ಎನ್ನುವ ಮೂವತ್ತು ವರ್ಷದ ಅನುಭವಿಯ ಕೈ ಬೇರೆ, ನಮ್ಮ ಕೈ ಬೇರೆ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ, ಹೆಡ್ ಬೋಲ್ಟಿನ ಟಾರ್ಕ್, ಬಿಗಿಯುವ ಕ್ರಮ, ಟ್ಯಾಪೆಟ್ ಸಂದಿನ ಅಳತೆ ಬರೆದು ಗೋಡೆಗೆ ಅಂಟಿಸಿ. ಅಳತೆಯ ಘಟಕ ನೋಡಿಕೊಳ್ಳಿ: ಮ್ಯಾನ್ಯುಯಲ್ಲಿನಲ್ಲಿ ಕೆಜಿ-ಮೀಟರ್ ಇದ್ದು ರೆಂಚಿನ ಮೇಲೆ ನ್ಯೂಟನ್-ಮೀಟರ್ ಅಥವಾ ಫುಟ್-ಪೌಂಡ್ ಇದ್ದರೆ ಗುಣಿಸಬೇಕು. ಒಂದು ಕೆಜಿ-ಮೀಟರ್ ಎಂದರೆ 9.8 ನ್ಯೂಟನ್-ಮೀಟರ್, 7.2 ಫುಟ್-ಪೌಂಡ್.

ಬಿಚ್ಚುವಾಗ

ಗಾಡಿ ಹಿಂದಿನ ರಾತ್ರಿಯಿಂದ ನಿಂತಿರಲಿ. ಬಿಸಿ ಹೆಡ್ಡಿನ ಬೋಲ್ಟ್ ಸಡಿಲಿಸಿದರೆ ಸರಿಯಿದ್ದ ಹೆಡ್ಡೂ ಬಾಗಬಹುದು. ಆ ರಾತ್ರಿಯೇ ಎಕ್ಸಾಸ್ಟ್ ಕಡೆಯ ನಟ್ಟುಗಳಿಗೆಲ್ಲ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿಡಿ. ಮನೆಯಲ್ಲಿ ಶುರುವಾದ ಹೆಡ್ ಕೆಲಸ ನಡುವೆ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ, ಸೈಲೆನ್ಸರ್ ಪೈಪಿನ ಒಂದು ಸ್ಟಡ್ ಮುರಿದು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ತಿಂದ ಗಾಡಿಗಳಲ್ಲಂತೂ ಇದು ಮಾಮೂಲು. ನಟ್ಟು ಬರಲಿಲ್ಲವೆಂದು ಉದ್ದ ಪೈಪ್ ಸಿಕ್ಕಿಸಿ ಎಳೆಯಬೇಡಿ. ಸ್ವಲ್ಪ ಬಿಗಿ ಕಡೆಗೆ, ಸ್ವಲ್ಪ ಸಡಿಲ ಕಡೆಗೆ ಆಡಿಸಿ, ಆಯಿಲ್ ಬಿಡಿ, ಕಾಯಿರಿ, ಮತ್ತೆ ಆಡಿಸಿ. ಹೆಡ್ಡಿನ ಒಳಗೇ ಸ್ಟಡ್ ಮುರಿದರೆ ಸ್ವತಃ ಡ್ರಿಲ್ ಹಿಡಿಯಬೇಡಿ. ಹೆಡ್ ಹೇಗೂ ಲೇತಿನ ಅಂಗಡಿಗೆ ಹೋಗಲಿದೆ, ಅಲ್ಲೇ ನೇರವಾಗಿ ಕೊರೆದು ತೆಗೆಸಬಹುದು. ಅಲ್ಯೂಮಿನಿಯಂನಲ್ಲಿ ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ ಹಾಕಿ ಹೊಸ ಥ್ರೆಡ್ ಮಾಡಿಕೊಡುತ್ತಾರೆ.

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ. ಕೂಲೆಂಟನ್ನು ಬಾಣಲಿಗೆ ಇಳಿಸಿ, ಮುಚ್ಚಿಡಿ: ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ, ಮಕ್ಕಳಿಗೂ ವಿಷ. ಬಾವಿಯ ಕಡೆ, ತೋಟದ ಕಡೆ ಚೆಲ್ಲಬೇಡಿ. ಪೆಟ್ರೋಲ್ ಪೈಪ್ ಕಳಚುವಾಗ ಬೀಡಿ ಸಿಗರೇಟು ದೂರ, ಪೈಪಿನ ಬಾಯಿಗೆ ಬೋಲ್ಟ್ ತುರುಕಿ. ಕಾರ್ಬ್ಯುರೇಟರಿನ ಸಣ್ಣ ವ್ಯಾಕ್ಯೂಮ್ ಪೈಪುಗಳೇ ಕೊನೆಗೆ ತಲೆ ತಿನ್ನುವುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಪ್ರತಿ ಪೈಪಿಗೂ ಟೇಪ್ ಸುತ್ತಿ ನಂಬರ್ ಹಾಕಿ. ಬೋಲ್ಟುಗಳನ್ನು ರಟ್ಟಿನ ಮೇಲೆ ಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚಿಡಿ, ಉದ್ದ ಗಿಡ್ಡ ಅದಲುಬದಲಾದರೆ ಅಲ್ಯೂಮಿನಿಯಂ ಒಡೆಯುತ್ತದೆ. ಕಾರ್ಬ್ಯುರೇಟರ್ ಸಮೇತ ಇನ್ಲೆಟ್ ಮ್ಯಾನಿಫೋಲ್ಡನ್ನು ಹೆಡ್ಡಿನ ಜೊತೆಗೇ ಎತ್ತಿದರೆ ಕೆಲಸ ಸ್ವಲ್ಪ ಕಡಿಮೆ.

ಟೈಮಿಂಗ್ ಬೆಲ್ಟ್ ಮುಟ್ಟುವ ಮೊದಲು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ, ಕ್ರ್ಯಾಂಕಿನ ಗುರುತು, ಕ್ಯಾಮ್ ಪುಲ್ಲಿಯ ಗುರುತು ಎರಡೂ ತಮ್ಮ ತಮ್ಮ ಜಾಗಕ್ಕೆ ಬರುವಂತೆ ಮಾಡಿ. ಆ ಗುರುತುಗಳ ಮೇಲೆ ಬಿಳಿ ಬಣ್ಣದ ಚುಕ್ಕಿ ಇಡಿ. ಡಿಸ್ಟ್ರಿಬ್ಯೂಟರಿನ ರೋಟರ್ ಆಗ ಯಾವ ಕಡೆ ನೋಡುತ್ತಿದೆ ಎಂಬುದಕ್ಕೂ ಗುರುತು. ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-2. ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕನ್ನಾಗಲೀ ಕ್ಯಾಮನ್ನಾಗಲೀ ಅಲ್ಲಾಡಿಸಬೇಡಿ.

ಹೆಡ್ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಚ್ಚುವಂತಿಲ್ಲ. ಎರಡು ತುದಿಗಳಿಂದ ಶುರು ಮಾಡಿ ನಡುವಿಗೆ ಬರುತ್ತಾ, ಮೊದಲ ಸುತ್ತಿನಲ್ಲಿ ಕಾಲು ತಿರುವು, ಎರಡನೇ ಸುತ್ತಿನಲ್ಲಿ ಅರ್ಧ, ಆಮೇಲೆ ಪೂರ್ತಿ. ಹೆಡ್ ಅಂಟಿಕೊಂಡಿದ್ದರೆ ಮರದ ತುಂಡು ಇಟ್ಟು ತಟ್ಟಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಲಿ ಬಿದ್ದ ಗೀರಿನಿಂದಲೇ ನಾಳೆ ನೀರು ಸೋರುತ್ತದೆ. ಎತ್ತಿದ ಹೆಡ್ಡನ್ನು ಮುಖ ಅಡಿಯಾಗಿ ಕಲ್ಲಿನ ಮೇಲೆ ಇಡಬೇಡಿ, ಕ್ಯಾಮ್ ಒತ್ತಿ ತೆರೆದಿರುವ ವಾಲ್ವುಗಳು ಬಾಗುತ್ತವೆ. ಎರಡು ಮರದ ಪಟ್ಟಿ ಸಾಕು.

ಈಗ ಹಳೆಯ ಗ್ಯಾಸ್ಕೆಟ್ಟನ್ನು ಬಿಸಾಡದೆ ಓದಿ. ಎರಡು ಸಿಲಿಂಡರ್ ನಡುವೆ ಕಪ್ಪಾಗಿ ಸುಟ್ಟ ಗೆರೆಯಿದೆಯೇ? ನೀರಿನ ತೂತಿನಿಂದ ಸಿಲಿಂಡರಿನ ಉಂಗುರದವರೆಗೆ ತುಕ್ಕಿನ ಜಾಡು ಇದೆಯೇ? ಒಂದು ಪಿಸ್ಟನ್ ತಲೆ ಮಾತ್ರ ಮಸಿಯಿಲ್ಲದೆ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೇ ನೀರು ನುಗ್ಗುತ್ತಿತ್ತು. ಎಲ್ಲೂ ಯಾವ ಗುರುತೂ ಇಲ್ಲವೆಂದರೆ ಹೆಡ್ಡಿನಲ್ಲೇ ಬಿರುಕಿದೆಯೇನೋ ಎಂಬ ಅನುಮಾನ ಇಟ್ಟುಕೊಳ್ಳಿ.

ಸ್ಕೇಲು, ಫೀಲರ್ ಗೇಜ್, ತಾಳ್ಮೆ

ಇಡೀ ಕೆಲಸದ ಹಣೆಬರಹ ನಿರ್ಧಾರವಾಗುವ ಜಾಗ ಇದು. ಮೊದಲು ಶುಚಿ. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರಬಹುದು, ಆದ್ದರಿಂದ ಒಣಗಿದ್ದಂತೆ ಕೆರೆದು ಧೂಳೆಬ್ಬಿಸಬೇಡಿ. ಸೀಮೆಎಣ್ಣೆಯಲ್ಲೋ ತಿನ್ನರಿನಲ್ಲೋ ನೆನೆಸಿ, ಪ್ಲಾಸ್ಟಿಕ್ ಅಥವಾ ಮರದ ಚೂಪಿನಿಂದ ಎಬ್ಬಿಸಿ, ಮೂಗಿಗೆ ಮಾಸ್ಕ್ ಇರಲಿ. ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಬ್ರಷ್, ಉಜ್ಜುವ ಡಿಸ್ಕ್ ಬಳಸಲೇಬಾರದು. ಅವು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ತಗ್ಗು ಮಾಡುತ್ತವೆ, ಉದುರಿದ ಪುಡಿ ಆಯಿಲ್ ದಾರಿ ಹಿಡಿದು ಬೇರಿಂಗಿಗೆ ಹೋಗುತ್ತದೆ. ಸಿಲಿಂಡರುಗಳಿಗೂ ಆಯಿಲ್, ನೀರಿನ ತೂತುಗಳಿಗೂ ಚಿಂದಿ ತುರುಕಿ ಕೆಲಸ ಮಾಡಿ, ಎಷ್ಟು ಚಿಂದಿ ತುರುಕಿದಿರಿ ಎಂದು ಎಣಿಸಿಟ್ಟುಕೊಳ್ಳಿ. ಮುಖದ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಬಾರದು.

ಬೋಲ್ಟಿನ ಗುಂಡಿಗಳನ್ನು ಬಹಳ ಜನ ಮರೆಯುತ್ತಾರೆ. ಅವುಗಳಲ್ಲಿ ನೀರೋ ಆಯಿಲೋ ನಿಂತಿದ್ದರೆ ಬೋಲ್ಟ್ ಇಳಿದಂತೆ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕೇ ಸೀಳಬಹುದು. ಒಡೆಯದಿದ್ದರೂ ರೆಂಚ್ ಕ್ಲಿಕ್ ಎನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ. ಚಿಂದಿ ಸುತ್ತಿದ ಕಡ್ಡಿಯಿಂದ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು.

ಆಮೇಲೆ ಅಳತೆ. ಹೆಡ್ಡಿನ ಮುಖದ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ: ಉದ್ದಕ್ಕೆ ಎರಡೂ ಬದಿ, ಅಡ್ಡಕ್ಕೆ ತುದಿ ಹಾಗೂ ನಡುವೆ, ಕೊನೆಗೆ ಮೂಲೆಯಿಂದ ಮೂಲೆಗೆ ಎರಡು ಸಲ. ಪ್ರತಿ ಕಡೆಯೂ ಕೆಳಗೆ 0.05 ಮಿಲಿಮೀಟರಿನ ಫೀಲರ್ ಎಲೆ ತೂರಿಸಿ ನೋಡಿ. ಸುಝುಕಿಯ ಈ ಸಣ್ಣ ಎಂಜಿನ್ನುಗಳಲ್ಲಿ ಹೆಡ್ಡಿಗೆ ಇರುವ ಮಿತಿ ಅಷ್ಟೇ, ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಎಲೆ ಸಲೀಸಾಗಿ ಜಾರಿದರೆ ಹೊಸ ಗ್ಯಾಸ್ಕೆಟ್ ಎಷ್ಟೇ ಒಳ್ಳೆಯದಿದ್ದರೂ ನಿಲ್ಲುವುದಿಲ್ಲ. ಅದೇ ಅಳತೆಯನ್ನು ಬ್ಲಾಕಿನ ಮೇಲೂ ಮಾಡಿ. ಕಬ್ಬಿಣ ಸುಲಭಕ್ಕೆ ಬಾಗದು, ಆದರೂ ನೋಡದೆ ಬಿಡಬೇಡಿ. ಕಣ್ಣಳತೆಗೆ ಸಮ ಕಂಡ ಹೆಡ್ಡಿನ ನಡುವೆ ಎಲೆ ಸರಾಗವಾಗಿ ಹೋಗುವುದನ್ನು ನೋಡಿದ ಮೇಲೆ ಯಾರ ಕಣ್ಣಳತೆಯನ್ನೂ ನಾನು ನಂಬುವುದು ಬಿಟ್ಟಿದ್ದೇನೆ.

ಬಾಗಿದ್ದರೆ ಹೆಡ್ಡನ್ನು ಎಂಜಿನ್ ಕೆಲಸದ ಲೇತಿಗೆ ಒಯ್ದು ‘ಫೇಸಿಂಗ್’ ಮಾಡಿಸಬೇಕು. ಹೇಳಬೇಕಾದ ಮಾತು ಎರಡು. ಒಂದು, ಸಮವಾಗುವಷ್ಟು ಮಾತ್ರ ತೆಗೆಯಿರಿ. ಜಾಸ್ತಿ ಕೊರೆದರೆ ಕಂಪ್ರೆಶನ್ ಏರಿ ಎಂಜಿನ್ ನಾಕಿಂಗ್ ಹೊಡೆಯುತ್ತದೆ, ಬೆಲ್ಟಿನ ಹೊಂದಿಕೆಯೂ ಕದಲುತ್ತದೆ. ಎರಡು, ಫೇಸಿಂಗಿಗೆ ಮೊದಲು ಪ್ರೆಶರ್ ಟೆಸ್ಟ್ ಮಾಡಿ. ನೀರಿನ ದಾರಿಗಳನ್ನು ಮುಚ್ಚಿ, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿದರೆ ಬಿರುಕಿದ್ದಲ್ಲಿ ಗುಳ್ಳೆ ಬರುತ್ತದೆ. ಬಿರುಕು ಬಿಟ್ಟ ಹೆಡ್ಡಿಗೆ ಫೇಸಿಂಗ್ ಕೂಲಿ ಕೊಡುವುದು ದಂಡ. ಹೆಡ್ ಅಲ್ಲಿರುವಾಗಲೇ ವಾಲ್ವ್ ಗ್ರೈಂಡಿಂಗ್, ವಾಲ್ವ್ ಸೀಲ್ ಬದಲಾವಣೆಯೂ ಮುಗಿಸಿಕೊಳ್ಳಿ, ಅದಕ್ಕಾಗಿ ಇನ್ನೊಮ್ಮೆ ಹೆಡ್ ಇಳಿಸುವುದು ಯಾರಿಗೆ ಬೇಕು?

ಕೂರಿಸುವಾಗ

ಹೊಸ ಗ್ಯಾಸ್ಕೆಟ್ಟನ್ನು ಹಳೆಯದರ ಮೇಲಿಟ್ಟು ತೂತಿಗೆ ತೂತು ತಾಳೆ ನೋಡಿ. ‘ಟಾಪ್’ ಎಂಬ ಅಚ್ಚಿದ್ದರೆ ಅದು ಮೇಲ್ಮುಖವಾಗಿರಬೇಕು. ತಿರುಗಿಸಿ ಹಾಕಿದರೆ ಆಯಿಲ್ ದಾರಿಯೇ ಮುಚ್ಚಿಹೋಗಬಹುದು. ಗ್ರೀಸ್, ಅನಾಬಾಂಡಿನಂಥ ಅಂಟು ಏನನ್ನೂ ಹಚ್ಚಬೇಡಿ. ಪ್ಯಾಕೆಟ್ಟಿನ ಮೇಲೆ ಹಚ್ಚಿ ಎಂದು ಬರೆಯದಿದ್ದರೆ ಗ್ಯಾಸ್ಕೆಟ್ ಒಣಗಿದ್ದಂತೆಯೇ ಕೂರಬೇಕು. ಹೆಚ್ಚಾದ ಅಂಟು ಒಳಕ್ಕೆ ಹಿಂಡಿ ನೀರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ತುರುಕಿದ ಚಿಂದಿಗಳೆಲ್ಲ ಹೊರಬಂದವೇ, ಲೆಕ್ಕ ನೋಡಿ. ಹೆಡ್ ಇಳಿಸಲು ಎರಡನೇ ಜೋಡಿ ಕೈ ಬೇಕು. ನೇರವಾಗಿ ಇಳಿಯಲಿ, ಇಳಿದ ಮೇಲೆ ಗ್ಯಾಸ್ಕೆಟ್ ಮೇಲೆ ಎಳೆದಾಡಬೇಡಿ.

ಈ ಹಳೆಯ ಎಂಜಿನ್ನಿನ ಬೋಲ್ಟುಗಳ ಥ್ರೆಡ್ ಚೆನ್ನಾಗಿದ್ದು, ನಡುವೆ ಸಪೂರವಾಗಿರದಿದ್ದರೆ ಮತ್ತೆ ಬಳಸಬಹುದು. ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಬೋಲ್ಟನ್ನು ಎಳೆದು ಹಿಗ್ಗುವಷ್ಟು ಬಿಗಿಯುತ್ತಾರೆ, ಅವು ಒಂದೇ ಸಲಕ್ಕೆ. ಥ್ರೆಡ್ಡಿಗೆ, ಬೋಲ್ಟ್ ತಲೆಯಡಿಗೆ ಒಂದೆರಡು ಹನಿ ಆಯಿಲ್ ಸವರಿ, ಎಲ್ಲವನ್ನೂ ಕೈಯಿಂದಲೇ ತಿರುಗಿಸಿ ಕೂರಿಸಿ. ಟಾರ್ಕ್ ರೆಂಚ್ ಆಮೇಲೆ. ಬಿಚ್ಚಿದ್ದರ ಉಲ್ಟಾ: ನಡುವಿನಿಂದ ಶುರು ಮಾಡಿ ಸುತ್ತುತ್ತಾ ತುದಿಗಳಿಗೆ. ಮ್ಯಾನ್ಯುಯಲ್ಲಿನ ಅಂಕಿಯ ಅರ್ಧಕ್ಕೆ ಒಂದು ಸುತ್ತು, ಮುಕ್ಕಾಲಿಗೆ ಒಂದು ಸುತ್ತು, ಪೂರ್ತಿಗೆ ಒಂದು ಸುತ್ತು, ಕೊನೆಗೆ ಅದೇ ಅಂಕಿಯಲ್ಲಿ ಎಲ್ಲವನ್ನೂ ಇನ್ನೊಮ್ಮೆ ಮುಟ್ಟಿ ನೋಡಿ. ರೆಂಚನ್ನು ಝಾಡಿಸದೆ ನಿಧಾನ ಎಳೆಯಿರಿ. ಕ್ಲಿಕ್ ಆದ ಮೇಲೆ ‘ಇನ್ನೊಂಚೂರು’ ಎಂಬ ಆಸೆ ಬೇಡ.

ಟೈಮಿಂಗ್ ಬೆಲ್ಟ್ ಹಾಕಿ, ಗುರುತುಗಳು ಸೇರಿವೆ ಎಂದು ನೋಡಿ, ಟೆನ್ಶನರ್ ಬಿಗಿದು, ಕೈಯಿಂದ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಗುರುತುಗಳು ಮತ್ತೆ ಅದೇ ಜಾಗಕ್ಕೆ ಬರಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬೆಲ್ಟ್ ಬಿಚ್ಚಿ ಮೊದಲಿನಿಂದ ಶುರು ಮಾಡಿ. ಟ್ಯಾಪೆಟ್ ಸಂದನ್ನು ಮ್ಯಾನ್ಯುಯಲ್ಲಿನಲ್ಲಿ ತಣ್ಣನೆಯ ಎಂಜಿನ್ನಿಗೆ ಕೊಟ್ಟಿರುವ ಅಳತೆಗೆ ಹೊಂದಿಸಿ. ಫೇಸಿಂಗ್, ಗ್ರೈಂಡಿಂಗ್ ಆದ ಹೆಡ್ಡಿನಲ್ಲಿ ಹಳೆಯ ಸಂದು ಉಳಿದಿರುವುದಿಲ್ಲ. ಉಳಿದದ್ದು ಫೋಟೊ ನೋಡಿಕೊಂಡು ಜೋಡಿಸುವ ಕೆಲಸ.

ಮೊದಲ ಸ್ಟಾರ್ಟ್

ಹಳೆಯ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬಾರದು. ಆಯಿಲಿಗೆ ನೀರು ಬೆರೆತಿದ್ದ ಎಂಜಿನ್ನಾದರೆ ಈಗ ಹಾಕುವ ಆಯಿಲ್ ತೊಳೆಯಲಿಕ್ಕೆಂದೇ ತಿಳಿಯಿರಿ, ಒಂದೆರಡು ನೂರು ಕಿಲೋಮೀಟರಿಗೆ ಫಿಲ್ಟರ್ ಸಮೇತ ಮತ್ತೆ ಬದಲಿಸಿ. ಕೂಲೆಂಟನ್ನು ಡಿಸ್ಟಿಲ್ಡ್ ನೀರಿನಲ್ಲಿ ಸಮಸಮ ಬೆರೆಸಿ, ಇಲ್ಲವೇ ಬೆರೆಸಿಯೇ ಬರುವುದನ್ನು ತನ್ನಿ. ಮೊದಲು ಸ್ಪಾರ್ಕ್ ಪ್ಲಗ್ ತೆಗೆದಿಟ್ಟು, ಕಾಯಿಲ್ ವೈರ್ ಕಳಚಿ, ಒಂದೆರಡು ಸಲ ಸೆಲ್ಫ್ ಹೊಡೆಯಿರಿ. ಸಿಲಿಂಡರಿನಲ್ಲಿ ನೀರು ಉಳಿದಿದ್ದರೆ ಪ್ಲಗ್ಗಿನ ತೂತಿನಿಂದ ಹಾರಿಹೋಗುತ್ತದೆ. ಪ್ಲಗ್ ಹಾಕಿಟ್ಟು ಹೊಡೆದರೆ ಆ ನೀರೇ ಕನೆಕ್ಟಿಂಗ್ ರಾಡನ್ನು ಬಗ್ಗಿಸೀತು.

ಆಮೇಲೆ ರೇಡಿಯೇಟರ್ ಮುಚ್ಚಳ ತೆರೆದು, ಹೀಟರ್ ಇದ್ದರೆ ಬಿಸಿ ಕಡೆಗೆ ತಿರುಗಿಸಿ, ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕಿರುವಂತೆ ನಿಲ್ಲಿಸಿ ಸ್ಟಾರ್ಟ್ ಮಾಡಿ. ನೀರು ಇಳಿದಂತೆ ತುಂಬುತ್ತಾ ಹೋಗಿ. ಸೈಲೆನ್ಸರಿನಿಂದ ಸ್ವಲ್ಪ ಹೊತ್ತು ಬಿಳಿ ಹಬೆ ಬಂದರೆ ಗಾಬರಿ ಬೇಡ, ಪೈಪಿನಲ್ಲಿ ನಿಂತಿದ್ದ ನೀರು ಆರುವವರೆಗೆ ಅದು ಇರುತ್ತದೆ. ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಮುಚ್ಚಳ ಹಾಕಿ, ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವವರೆಗೆ ಗಾಡಿಯ ಪಕ್ಕದಿಂದ ಕದಲಬೇಡಿ. ಒಮ್ಮೆ ಬಿಸಿಯಾದ ಮೇಲೆ ಆ ಮುಚ್ಚಳ ತೆಗೆಯುವುದು ಮರುದಿನ ಬೆಳಗ್ಗೆಯೇ. ಮೊದಲ ವಾರ ದಿನಾ ಬೆಳಗ್ಗೆ ನೀರಿನ ಮಟ್ಟ, ಡಿಪ್‌ಸ್ಟಿಕ್ ನೋಡಿ. ಬೋಲ್ಟುಗಳನ್ನು ಮತ್ತೆ ಬಿಗಿಯಬೇಕೇ ಎಂಬುದು ಗ್ಯಾಸ್ಕೆಟ್ ಜಾತಿಯ ಮೇಲಿದೆ. ಹಳೆಯ ಕಾಲದ ಮೆತ್ತನೆಯ ಗ್ಯಾಸ್ಕೆಟ್ಟುಗಳಿಗೆ ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಬಿಗಿಯಬೇಕಿತ್ತು, ಈಗಿನ ಹೆಚ್ಚಿನವಕ್ಕೆ ಬೇಕಿಲ್ಲ. ಪ್ಯಾಕೆಟ್ಟಿನ ಮಾತೇ ಅಂತಿಮ.

ಇಷ್ಟಾದ ಮೇಲೂ ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಇನ್ನೊಂದು ಗ್ಯಾಸ್ಕೆಟ್ ಕೊಳ್ಳಬೇಡಿ. ಮುಖ ಸಮವಿತ್ತು, ಟಾರ್ಕ್ ಸರಿಯಿತ್ತು ಎಂದಾದರೆ ಉಳಿಯುವುದು ಬಿರುಕು. ಬಿಸಿಯಾದಾಗ ಮಾತ್ರ ಬಾಯಿಬಿಡುವ ಬಿರುಕುಗಳೂ ಇರುತ್ತವೆ, ತಣ್ಣೀರಿನ ಟೆಸ್ಟಿಗೆ ಅವು ಸಿಗುವುದಿಲ್ಲ. ಬಿಸಿನೀರಿನಲ್ಲಿ ಪ್ರೆಶರ್ ಟೆಸ್ಟ್ ಮಾಡುವ ಲೇತು ಹುಡುಕಿ. ಹೆಡ್ ಹೋಗಿದ್ದರೆ ಈ ಕಾರಿನ ಮಟ್ಟಿಗೆ ಗುಜರಿ ಹೆಡ್ ಸಿಗುವುದು ಕಷ್ಟವಲ್ಲ, ಬೆಂಗಳೂರಿನ ಶಿವಾಜಿನಗರದಂಥ ಕಡೆ ವಿಚಾರಿಸಿ. ಹೋಗುವಾಗ ಸ್ಕೇಲನ್ನೂ ಫೀಲರ್ ಗೇಜನ್ನೂ ಜೇಬಿನಲ್ಲಿಟ್ಟುಕೊಳ್ಳಿ, ದುಡ್ಡು ಕೊಡುವ ಮೊದಲು ಅಂಗಡಿಯವನೆದುರೇ ಅಳೆಯಿರಿ.